ಆಗುಂಬೆ ಘಾಟಿಗೆ ಆರ್15, ಸಾಗರದ ರಸ್ತೆಗೆ ಆರ್‌ಆರ್ 310

ಕಾಗದದ ಮೇಲೆ ಈ ಎರಡು ಬೈಕುಗಳಿಗೆ ಹೋಲಿಕೆಯೇ ಇಲ್ಲ. ಟಿವಿಎಸ್ ಅಪಾಚೆ ಆರ್‌ಆರ್ 310ರ 2020ರ ಮಾಡೆಲ್‌ನದು 312.2 ಸಿಸಿ ಎಂಜಿನ್, 34 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ. ಯಮಹಾ ಆರ್15 ವಿ4ರದು 155 ಸಿಸಿ, 18.4 ಪಿಎಸ್. ಬೆಲೆಯಲ್ಲೂ ದೊಡ್ಡ ಅಂತರ. ಆದರೆ ನಮ್ಮನೆ ಅಂಗಳದಲ್ಲಿ ಎರಡೂ ಅಕ್ಕಪಕ್ಕ ನಿಂತಿರುತ್ತವೆ. ಆರ್‌ಆರ್ ನನ್ನದು, ಆರ್15 ತಮ್ಮನದು. ಯಾವ ಕೀ ಕೈಗೆ ಸಿಕ್ಕಿತೋ ಅದನ್ನು ಹಿಡಿದು ಹೊರಡುವ ಮನೆ ನಮ್ಮದು. ಹಾಗಾಗಿ ಮಳೆಗಾಲ, ಬೇಸಿಗೆ ಎರಡನ್ನೂ ಎರಡರ ಮೇಲೂ ಕಳೆದಿದ್ದೇನೆ. ನನಗೆ ಕಂಡಿದ್ದು ಇಷ್ಟು: ಮಲೆನಾಡಿನ ರಸ್ತೆಯಲ್ಲಿ ಪಿಎಸ್ ಲೆಕ್ಕಕ್ಕಿಂತ ಕೆಜಿ ಲೆಕ್ಕ ದೊಡ್ಡದು. ಆರ್‌ಆರ್ 174 ಕೆಜಿ, ಆರ್15 142 ಕೆಜಿ.

ಈ 32 ಕೆಜಿ ಶಿವಮೊಗ್ಗದಿಂದ ತೀರ್ಥಹಳ್ಳಿ ತನಕ ಗೊತ್ತೇ ಆಗುವುದಿಲ್ಲ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುತ್ತ ತುಂಗೆಯ ಪಕ್ಕದಲ್ಲಿ ಸಾಗುವ ಆ ರಸ್ತೆಯ ತಿರುವುಗಳು ಉದ್ದುದ್ದ, ಯಾವ ಬೈಕಾದರೂ ಆರಾಮಾಗಿ ವಾಲುತ್ತದೆ. ಆಗುಂಬೆ ದಾಟಿ ಸೋಮೇಶ್ವರಕ್ಕೆ ಇಳಿಯುವಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ 14 ಹೇರ್‌ಪಿನ್ ತಿರುವುಗಳು, ರಸ್ತೆ ಕಿರಿದು, ಎದುರಿಗೆ ಬರುವ ಮಿನಿ ಬಸ್ಸಿಗೆ ಇಡೀ ತಿರುವು ಬೇಕು. ಇಳಿಜಾರಿನಲ್ಲಿ ಎಂಜಿನ್ನಿನ ಶಕ್ತಿ ಕಟ್ಟಿಕೊಂಡು ಏನು ಮಾಡುವುದು? ಬೇಕಾಗುವುದು ಬ್ರೇಕು, ಎಂಜಿನ್ ಬ್ರೇಕಿಂಗು, ಕೊನೇ ಗಳಿಗೆಯಲ್ಲಿ ದಾರಿ ಬದಲಿಸುವ ಚುರುಕು. ತಿರುವಿನ ಮಧ್ಯೆ ಮಂಗನ ಮರಿ ಅಡ್ಡ ಬಂದರೆ ಆರ್15 ಮನಸ್ಸಿನಲ್ಲಿ ಅಂದುಕೊಂಡಷ್ಟಕ್ಕೇ ಪಕ್ಕಕ್ಕೆ ಸರಿಯುತ್ತದೆ. ಆರ್‌ಆರ್‌ಗೆ ತೋಳಿನಿಂದ ಸ್ವಲ್ಪ ಒತ್ತಿ ಹೇಳಬೇಕು. ಸ್ಲಿಪ್ಪರ್ ಕ್ಲಚ್ ಎರಡರಲ್ಲೂ ಇದೆ, ಅವಸರದಲ್ಲಿ ಎರಡು ಗೇರ್ ಇಳಿಸಿದರೂ ಹಿಂದಿನ ಚಕ್ರ ಕುಪ್ಪಳಿಸುವುದಿಲ್ಲ.

ಹತ್ತುವಾಗ ಮಾತ್ರ ಆರ್15 ಸವಾರನಿಂದ ಕೆಲಸ ತೆಗೆಯುತ್ತದೆ. ಇದರ ವಿವಿಎ ಅಂದರೆ ಕಡಿಮೆ ವೇಗಕ್ಕೊಂದು, ಹೆಚ್ಚಿನ ವೇಗಕ್ಕೊಂದು ಎಂದು ಎರಡು ಬಗೆಯ ಇನ್‌ಟೇಕ್ ಕ್ಯಾಮ್ (ಎಂಜಿನ್ನಿನೊಳಗೆ ಗಾಳಿ ಬಿಡುವ ಕವಾಟವನ್ನು ತೆರೆಯುವ ಭಾಗ) ಇಟ್ಟುಕೊಂಡ ಎಂಜಿನ್. 7,400 ಆರ್‌ಪಿಎಂ ಹೊತ್ತಿಗೆ ಅದು ಎರಡನೆಯದಕ್ಕೆ ಬದಲಾಗುತ್ತದೆ. ಆ ಗೆರೆಯ ಕೆಳಗೆ ಬಿದ್ದು ಹೇರ್‌ಪಿನ್‌ನಿಂದ ಹೊರಬಂದರೆ ಎರಡನೇ ಗೇರಿನಲ್ಲಿ ಏದುಸಿರು. ಗೆರೆಯ ಮೇಲೆಯೇ ಇಟ್ಟುಕೊಂಡು ಬಂದರೆ ಸ್ವರವೇ ಬೇರೆ, ಎಳೆತವೇ ಬೇರೆ. ತಮ್ಮನಿಗೆ ಇದೇ ಮಜಾ. ನನಗೂ ಮಜಾವೇ, ಆದರೆ ಸೋಮೇಶ್ವರದಿಂದ ಮೇಲೆ ಬರುವಷ್ಟರಲ್ಲಿ ಎಡಗಾಲಿಗೆ ಸಾಕಾಗಿರುತ್ತದೆ. ಹ್ಯಾಂಡಲ್ ತಗ್ಗಿನಲ್ಲಿರುವುದರಿಂದ ಇಳಿಯುವಾಗ ಮೈಭಾರವೆಲ್ಲ ಮಣಿಕಟ್ಟಿನ ಮೇಲೆ. ಟ್ಯಾಂಕನ್ನು ಮಂಡಿಯಿಂದ ಬಿಗಿಯಾಗಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳದೆ ಬೇರೆ ದಾರಿಯಿಲ್ಲ.

ಸಾಗರದ ರಸ್ತೆಯಲ್ಲಿ ಎಲ್ಲ ತಲೆಕೆಳಗು. ಆಯನೂರು, ಕುಂಸಿ, ಆನಂದಪುರ ಎನ್ನುತ್ತ ಲಾರಿಗಳ ಹಿಂದೆ ಹೋಗುವ ದಾರಿ ಅದು. ಓವರ್‌ಟೇಕ್‌ಗೆ ಸಿಗುವ ಜಾಗ ಚಿಕ್ಕದು, ಹೊತ್ತು ಇನ್ನೂ ಚಿಕ್ಕದು. ಆರ್‌ಆರ್‌ಗೆ 27.3 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಇದೆ, ಇದ್ದ ಗೇರಿನಲ್ಲೇ ಆಕ್ಸಿಲರೇಟರ್ ತಿರುವಿದರೆ ಲಾರಿ ಹಿಂದೆ ಉಳಿಯುತ್ತದೆ. 14.2 ಎನ್‌ಎಂನ ಆರ್15ಕ್ಕೆ ಎರಡು ಗೇರ್ ಇಳಿಸಿ, ಸದ್ದು ಮಾಡಿ, ಜಾಗ ಸಾಕೇ ಎಂದು ಇನ್ನೊಮ್ಮೆ ನೋಡಿ ಹೊರಡಬೇಕು. ಸಂಶಯ ಬಂದರೆ ನಾನು ಹೋಗುವುದೇ ಇಲ್ಲ. ಗುಂಡಿ ಬಿದ್ದ ಕಡೆಯೂ ಆರ್‌ಆರ್ ಹೆಚ್ಚು ಮೃದು. ಕೂರುವ ಭಂಗಿಯೂ ಅಷ್ಟು ಬಾಗಿದ್ದಲ್ಲ, ಜೋಗದ ತನಕ ಹೋಗಿ ಅದೇ ದಿನ ಮರಳಿದರೂ ಬೆನ್ನು ಮಾತಾಡುವುದಿಲ್ಲ.

ಮಳೆಗಾಲದ ಮಾತು ಬೇರೆಯೇ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಪುನರ್ವಸು ಹಿಡಿದುಕೊಂಡಿತೆಂದರೆ ಮರದ ನೆರಳಿನ ರಸ್ತೆಯಂಚು ಪಾಚಿಗಟ್ಟುತ್ತದೆ, ತೋಟದ ಕೆಮ್ಮಣ್ಣು ಟಾರಿನ ಮೇಲೆ ಹರಿದು ಬರುತ್ತದೆ. ಆರ್‌ಆರ್‌ನ ರೇನ್ ಮೋಡ್ ಆಗ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ: ಶಕ್ತಿ 25.8 ಪಿಎಸ್‌ಗೆ ಇಳಿಯುತ್ತದೆ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಬೇಗ ಎಚ್ಚರಗೊಳ್ಳುತ್ತದೆ, ಆಕ್ಸಿಲರೇಟರ್ ನಯವಾಗುತ್ತದೆ. ಕಂಪನಿಯಿಂದಲೇ ಬಂದ ಮಿಷೆಲಿನ್ ರೋಡ್ 5 ಟೈರು ಒದ್ದೆ ರಸ್ತೆಯಲ್ಲಿ ಕೊಡುವ ಧೈರ್ಯವನ್ನು ಯಾವ ರೈಡ್ ಮೋಡ್ ಕೂಡ ಕೊಡಲಾರದು. ಆರ್15ರಲ್ಲಿ ಹಿಂದಿನ ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಒಳ್ಳೆಯದೇ. ಆದರೂ ನನ್ನ ಬಲಗೈ ಅದರ ಮೇಲೆ ಹಗುರವಾಗುತ್ತದೆ. ಮಂಜಿನಲ್ಲಿ ಎರಡರ ಬಿಳಿ ಎಲ್‌ಇಡಿಯೂ ಕಣ್ಣಿಗೇ ತಿರುಗಿ ಹೊಡೆಯುತ್ತದೆ, ಹೈ ಬೀಮ್ ಹಾಕಲೇಬೇಡಿ. ಹಿಂದಿನ ಚಕ್ರದ ರಾಡಿಯಂತೂ ಬೆನ್ನಿಗೇ.

ಶಿವಮೊಗ್ಗ ಊರೊಳಗೆ, ಗಾಂಧಿ ಬಜಾರಿನ ಜನಸಂದಣಿಯಲ್ಲಿ, ಆರ್‌ಆರ್‌ನ ಒಂದು ಗುಣ ನನಗಿಷ್ಟ. ಆಕ್ಸಿಲರೇಟರ್ ಕೊಡದೆಯೂ ಸಣ್ಣ ಗೇರಿನಲ್ಲಿ ತಾನೇ ತೆವಳುತ್ತದೆ. ಹಳ್ಳಿಯ ದಾರಿಯಲ್ಲಿ ಮಲೆನಾಡು ಗಿಡ್ಡ ದನಗಳ ಹಿಂಡಿನ ಹಿಂದೆಯೂ ಇದೇ ಉಪಾಯ. ಎರಡಕ್ಕೂ 11 ಲೀಟರ್ ಟ್ಯಾಂಕೇ. ಆರ್15 ಲೀಟರಿಗೆ 40 ದಾಟಿಸಿದರೆ ಆರ್‌ಆರ್ 30ರ ಆಸುಪಾಸು. ಘಾಟಿ ಹತ್ತಿಳಿದ ದಿನ ಎರಡೂ ಅದಕ್ಕಿಂತ ಕಡಿಮೆ.

ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಓಡಾಡುವವರು ಎರಡನ್ನೂ ಬಿಡಿ. ಅಮ್ಮ ಒಮ್ಮೆ ಆ ಎತ್ತರದ ಸೀಟು ನೋಡಿ “ಏಣಿ ತಗಂಬಾ” ಅಂದವರು ಇವತ್ತಿಗೂ ಹಳೇ ಸ್ಪ್ಲೆಂಡರಿನಲ್ಲೇ ಹೋಗುವುದು. ಒಬ್ಬರೇ ಓಡಿಸುವವರು, ಕಾಲೇಜು ಹುಡುಗರು, ಘಾಟಿಯ ಹುಚ್ಚಿರುವವರು ಆರ್15 ತಗೊಳ್ಳಿ. ವಾರಕ್ಕೊಮ್ಮೆ ಸಾಗರ, ಬೆಂಗಳೂರು ಎಂದು ದೂರ ಹೋಗುವವರಿಗೆ ಆರ್‌ಆರ್. ಟೆಸ್ಟ್ ರೈಡನ್ನು ಸವಳಂಗ ರಸ್ತೆಯ ನೇರದಲ್ಲಿ ಮುಗಿಸಬೇಡಿ, ಗೆಳೆಯರ ಬೈಕಾದರೂ ಕೇಳಿ ಪಡೆದು ತೀರ್ಥಹಳ್ಳಿ ಆಚೆ ಓಡಿಸಿ ನೋಡಿ.