ಮೀಟರಿನಲ್ಲಿ 12, ಮರದ ಒಳಗೆ 24: ದಾರಂದಕ್ಕೆ ಮರ ಕೊಳ್ಳುವವರು ಓದಿ

ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಕಡೆ ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಓದಿ. ನನಗಾದದ್ದು ನಿಮಗಾಗಬಾರದು.

ಹೋದ ಸೆಪ್ಟೆಂಬರಿನಲ್ಲಿ ದಾರಂದ (ಬಾಗಿಲಿನ ಚೌಕಟ್ಟು), ಬಾಗಿಲುಗಳಿಗೆಂದು ಹಲಸಿನ ಮರ ನೋಡಲು ಒಂದು ಮಿಲ್ಲಿಗೆ ಹೋದೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒಣಗಿದೆಯಾ ಎಂದು ಕೇಳಿದೆ. ಮಿಲ್ಲಿನವರು ಮರದ ನೀರಿನಂಶ ಅಳೆಯುವ ಎರಡು ಸೂಜಿಯ ಮೀಟರ್ ತಂದು ಅಟ್ಟಿಯ ಮೇಲಿನ ಹಲಗೆಗೆ ಚುಚ್ಚಿದರು. ಶೇಕಡಾ 12 ತೋರಿಸಿತು, ಅಂದರೆ ಒಣಗಿದ ಲೆಕ್ಕ. "ನೋಡಿ ಮಾಷ್ಟ್ರೇ, ನಾನು ಹೇಳುವುದಲ್ಲ, ಮೆಷಿನ್ ಹೇಳುವುದು" ಎಂದರು.

ಜೊತೆಗಿದ್ದ ಆಚಾರಿ ಒಂದು ತುಂಡು ಎತ್ತಿ ನೋಡಿ, "ಭಾರ ಜಾಸ್ತಿ ಉಂಟು, ಕೈಗೆ ತಣ್ಣಗಾಗುತ್ತದೆ" ಎಂದರು. ನಾನು ಅವರನ್ನೇ ಸುಮ್ಮನಿರಿಸಿದೆ. ನಲವತ್ತು ವರ್ಷ ಮರ ಮುಟ್ಟಿದ ಕೈ ಅದು! ಈಗ ಅವರ ಮುಖ ನೋಡಲು ನಾಚಿಕೆಯಾಗುತ್ತದೆ. 74 ಸಾವಿರ ಪೂರ್ತಿ ಅಲ್ಲೇ ಕೊಟ್ಟುಬಿಟ್ಟೆ.

ನವೆಂಬರಿನಲ್ಲಿ ಪೈಂಟ್, ಡಿಸೆಂಬರಿನಲ್ಲಿ ಮನೆ ಒಕ್ಕಲು. ಫೆಬ್ರವರಿಯ ಬಿಸಿಲು ಬಿದ್ದದ್ದೇ ತಡ, ಪಡುವಣ ಬಾಗಿಲಿನ ಪೈಂಟ್ ಗುಳ್ಳೆ ಎದ್ದಿತು. ದಾರಂದ ಸೀಳಿತು. ಎರಡು ಹಲಗೆಗಳ ನಡುವೆ ಬೆರಳು ಹೋಗುತ್ತದೆ. ನಿಜವಾಗಿ ಬೆರಳು ಹೋಗುತ್ತದೆ!

ಮಿಲ್ಲಿಗೆ ಫೋನ್ ಮಾಡಿದೆ. "ಮರ ಅಲ್ವಾ ಮಾಷ್ಟ್ರೇ, ಸ್ವಲ್ಪ ಎಳೆಯುತ್ತದೆ." ಮತ್ತೆ ಮಾಡಿದೆ. "ಪೈಂಟ್ ಬೇಗ ಹೊಡೆಸಿದ್ದು ನಿಮ್ಮ ತಪ್ಪು."

ದಾರಂದಕ್ಕೆ ತಂದ 4 ಇಂಚು ದಪ್ಪದ ಒಂದು ತುಂಡು ಕೊಟ್ಟಿಗೆಯಲ್ಲಿ ಉಳಿದಿತ್ತು. ಗೆಳೆಯರೊಬ್ಬರ ಮೀಟರ್ ತಂದು ಚುಚ್ಚಿದೆ. ಹೊರಗೆ 13. ಆಚಾರಿಯಿಂದ ನಡುವೆ ಕೊಯ್ಯಿಸಿ, ಆ ಹಸಿ ಕೊಯ್ತಕ್ಕೆ ಚುಚ್ಚಿದೆ. 24! ಐದು ತಿಂಗಳ ಮೇಲೂ 24. ಕೈಕಾಲು ತಣ್ಣಗಾಯಿತು. ಮಿಲ್ಲಿನ ಮೀಟರ್ ಸುಳ್ಳು ಹೇಳಿರಲಿಲ್ಲ. ಸೂಜಿ ಎಷ್ಟು ಆಳ ಹೋಗುತ್ತದೋ ಅಷ್ಟರ ಲೆಕ್ಕವನ್ನಷ್ಟೇ ಅದು ಕೊಡುವುದು. ಮರ ಹೊರಗಿನಿಂದ ಒಳಕ್ಕೆ ಒಣಗುತ್ತದೆ. ನೀರಿನಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗೆ ಇಳಿದ ಮೇಲೆಯೇ ಅದು ಕುಗ್ಗುವುದು. ಅಂದರೆ ಮಿಲ್ಲಿನಲ್ಲಿ ಆಗಬೇಕಾದ ಕುಗ್ಗುವಿಕೆಯೆಲ್ಲ ನನ್ನ ಮನೆಯ ಗೋಡೆಯಲ್ಲಿ ಆಯಿತು. ಇದು ದಿನಾ ಮರ ಕೊಯ್ಯುವವರಿಗೆ ಗೊತ್ತಿಲ್ಲವಾ?

ಹೊರಗಿನ, ಒಳಗಿನ ಎರಡೂ ಅಂಕೆಯ ಫೋಟೋ ಮಿಲ್ಲಿನವರಿಗೆ ಕಳಿಸಿದೆ. ಬಂದ ಉತ್ತರ: "ನಿಮ್ಮ ಕಣ್ಣೆದುರೇ 12 ತೋರಿಸಿದ್ದೆನಲ್ಲಾ?"

ಆ ಒಂದು ಮಾತು ಇನ್ನೂ ಹೊಟ್ಟೆ ಉರಿಸುತ್ತದೆ.

ಹೊರಗೆ ಮಾತ್ರ ಚುಚ್ಚಿ ಮೀಟರ್ ತೋರಿಸಿದರೆ ಒಪ್ಪಬೇಡಿ. ತುದಿ ಬೇಗ ಒಣಗಿರುತ್ತದೆ, ಅದಕ್ಕೆ ತುದಿಯಿಂದ ಒಂದೆರಡು ಅಡಿ ಬಿಟ್ಟು ಕೊಯ್ಯಿಸಿ, ಕೊಯ್ದ ಮುಖದ ನಡುವಿಗೆ ಚುಚ್ಚಿಸಿ. ಅಟ್ಟಿಯ ಅಡಿಯ ಹಲಗೆಯನ್ನೂ ಎಳೆಸಿ ನೋಡಿ. ಮರದ ಜಾತಿ ಬದಲಾದರೆ ಲೆಕ್ಕ ಕೆಲವು ಅಂಕ ಆಚೀಚೆ ಆಗಬಹುದು, ಆದರೆ 24 ಎಂದೂ 12 ಆಗುವುದಿಲ್ಲ. ಕೊಯ್ಯಲು ಒಪ್ಪದಿದ್ದರೆ ಎದ್ದು ಬನ್ನಿ. ಒಳಗಿನ ಅಂಕೆ ಬಿಲ್ಲಿನಲ್ಲಿ ಬರೆಸಿಕೊಳ್ಳದೆ ಪೂರ್ತಿ ದುಡ್ಡು ಕೊಡಲೇಬೇಡಿ.

ಆಚಾರಿ ಆದಿತ್ಯವಾರ ಬಾಗಿಲು ಕಳಚಲು ಬರುತ್ತಾರೆ. "ನಾನು ಹೇಳಿದ್ದೆ" ಎಂದು ಅವರು ಒಂದು ಸಲವೂ ಅನ್ನಲಿಲ್ಲ.