ಗಂಡು ನೊಣ ಕಾಣುವ ಮೊದಲು ಜೇನು ಕುಟುಂಬ ಪಾಲು ಮಾಡಬೇಡಿ

ಚಳಿ ಕಳೆಯುತ್ತಿದ್ದ ಹಾಗೇ ಅವಸರ ಮಾಡಿ ಒಂದು ಒಳ್ಳೆ ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನು) ಕುಟುಂಬವನ್ನು ಎರಡು ಪೆಟ್ಟಿಗೆಗೆ ಪಾಲು ಮಾಡಿದೆ. ಎರಡೂ ಕೈಕೊಟ್ಟವು. ಈಗ ಪೆಟ್ಟಿಗೆ ಬಿಚ್ಚುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ.

ನಾಲ್ಕು ದಿನ ಒಳ್ಳೆ ಬಿಸಿಲಿತ್ತು. ನೊಣಗಳು ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬರುತ್ತಿದ್ದವು. ಮುಚ್ಚಳ ತೆಗೆದರೆ ಎಂಟು ಎರಿ (ಮೇಣದ ಹಲಗೆ) ತುಂಬಾ ನೊಣ. ಇಷ್ಟು ಸಾಕಲ್ವಾ ಅಂದುಕೊಂಡು ಮೂರು ಮರಿ ಎರಿ, ಒಂದು ಜೇನಿನ ಎರಿ ತೆಗೆದು ಹೊಸ ಪೆಟ್ಟಿಗೆಗೆ ಹಾಕಿದೆ. ಮೊಟ್ಟೆ ಇತ್ತು, ರಾಣಿಯನ್ನು ಅವೇ ಮಾಡಿಕೊಳ್ಳುತ್ತವೆ ಎಂಬ ಧೈರ್ಯ. ಆ ಪೆಟ್ಟಿಗೆಯನ್ನು ಹಳೆಯದರಿಂದ ನಾಲ್ಕೇ ಹೆಜ್ಜೆ ಆಚೆ ಇಟ್ಟೆ.

ಮೊದಲ ಪೆಟ್ಟು ಅಲ್ಲೇ ಬಿತ್ತು. ಹೊರಗೆ ಹಾರಾಡುವ ನೊಣಗಳೆಲ್ಲ ಹಳೆ ಜಾಗಕ್ಕೇ ವಾಪಸ್ ಹೋದವು. ಉಳಿದದ್ದು ಎಳೆ ನೊಣ ಮಾತ್ರ. ಮೂರನೇ ರಾತ್ರಿ ಮತ್ತೆ ಚಳಿ ಬಿತ್ತು. ಮರಿಗೆ 34-35 ಡಿಗ್ರಿ ಶಾಖ ಬೇಕು. ಇದ್ದಷ್ಟು ನೊಣ ನಡುವಿನ ಎರಿಗೆ ಮುದ್ದೆಯಾಗಿ ಅಂಟಿಕೊಂಡಿದ್ದವು, ಅಂಚಿನ ಎರಿ ಬರಿದು. ಮುತ್ತಿನಂತೆ ಬೆಳ್ಳಗಿದ್ದ ಹುಳುಗಳು ಅಲ್ಲಿ ಬೂದು ಬಣ್ಣಕ್ಕೆ ತಿರುಗಿ ಕೋಶದ ತಳದಲ್ಲಿ ಕುಸಿದಿದ್ದವು. ಅದನ್ನು ನೋಡಿ ಹೊಟ್ಟೆ ಚುರುಕ್ ಅಂದಿತು.

ಆದರೂ ರಾಣಿ ಹುಟ್ಟಿದಳು. ಒಂದು ಸಲ ಕಣ್ಣಾರೆ ನೋಡಿದೆ ಕೂಡ. ಆಮೇಲೆ ವಾರವಿಡೀ ಮೋಡ, ಗಾಳಿ. ಅವಳು ಮತ್ತೆ ಕಾಣಲಿಲ್ಲ.

ಪಾಲು ಮಾಡಿ ಆರು ವಾರವಾದ ಮೇಲೆ ಮೊಟ್ಟೆ ಕಂಡಿತು. ಎಷ್ಟು ಖುಷಿಯಾಯಿತು! ಎರಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದೊಂದು ಕೋಶದಲ್ಲಿ ಮೂರು, ನಾಲ್ಕು ಮೊಟ್ಟೆ. ಕೆಲವು ತಳದಲ್ಲಲ್ಲ, ಗೋಡೆಗೆ ಅಂಟಿದ್ದವು. ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರು ಮಾಡಿದ್ದವು. ಅದರಿಂದ ಹುಟ್ಟುವುದು ಗಂಡು ಮಾತ್ರ. ಇತ್ತ ಹಳೆ ಪೆಟ್ಟಿಗೆಯಲ್ಲೂ ಹೂವಿನ ಕಾಲಕ್ಕೆ ಬೇಕಾದಷ್ಟು ನೊಣ ಇರಲಿಲ್ಲ.

ನಾನು ನೊಣ ಎಣಿಸಿದೆ, ಗಂಡು ನೊಣ ಇದೆಯಾ ಅಂತ ನೋಡಲೇ ಇಲ್ಲ. ಹೊಸ ರಾಣಿ ಹೊರಗೆ ಹಾರಿ ಗಂಡು ನೊಣಗಳ ಜೊತೆ ಕೂಡಿದರೆ ತಾನೇ ಕುಟುಂಬ ಬೆಳೆಯುವುದು. ಮೊಟ್ಟೆಯಿಂದ ರಾಣಿಗೆ 16 ದಿನ ಸಾಕು. ಗಂಡಿಗೆ 24 ದಿನ ಬೇಕು, ಹುಟ್ಟಿದ ಮೇಲೂ ಕೂಡಲು ತಯಾರಾಗಲು ಸುಮಾರು ಎರಡು ವಾರ ಬೇಕು. ಉಬ್ಬಿದ ಮುಚ್ಚಳದ ಗಂಡು ಕೋಶ ಒಂದೆರಡು ಬಿಚ್ಚಿ ನೋಡಿ. ಮರಿಯ ಕಣ್ಣು ನೇರಳೆಗೆ ತಿರುಗಿದ್ದರೆ ಸರಿ, ನಿಮ್ಮ ರಾಣಿ ಹಾರುವ ಹೊತ್ತಿಗೆ ಅವೂ ತಯಾರಾಗಿರುತ್ತವೆ. ಇನ್ನೂ ಬೆಳ್ಳಗಿದ್ದರೆ ಸುಮ್ನೆ ಪೆಟ್ಟಿಗೆ ಮುಚ್ಚಿಬಿಡಿ.

ಈಗಾಗಲೇ ಪಾಲು ಮಾಡಿದ್ದೀರಾ? ಹೊಸ ಪೆಟ್ಟಿಗೆಯ ಬಾಗಿಲು ಚಿಕ್ಕದು ಮಾಡಿ, ಮರಿ ಎರಿಗಳನ್ನು ಒತ್ತಟ್ಟಿಗೆ ತನ್ನಿ. ಹಳೆ ಪೆಟ್ಟಿಗೆಯ ಮರಿ ಎರಿಯಿಂದ ಇನ್ನಷ್ಟು ಎಳೆ ನೊಣ ಹೊಸದಕ್ಕೆ ಕೊಡವಿ, ರಾಣಿ ಅದರಲ್ಲಿ ಇಲ್ಲ ಅಂತ ಖಚಿತ ಮಾಡಿಕೊಂಡೇ. ಚಳಿ ಬಿಡುವ ಹಾಗೆ ಕಾಣದಿದ್ದರೆ ನಡುವೆ ಒಂದು ದಿನಪತ್ರಿಕೆ ಹಾಳೆ ಹಾಸಿ ಎರಡನ್ನೂ ಮತ್ತೆ ಒಂದು ಮಾಡಿಬಿಡಿ. ಅವು ಹಾಳೆ ಕಚ್ಚಿ ಹರಿದುಕೊಂಡು ನಿಧಾನಕ್ಕೆ ಸೇರಿಕೊಳ್ಳುತ್ತವೆ.