ಬಾಲ್ಕನಿ ಕ್ಯಾಬಿನ್ ಅಂತ ಹಣ ಕಟ್ಟುವ ಮೊದಲು ಇದನ್ನು ಓದಿ

ಕ್ರೂಸ್ ಹಡಗಿನಲ್ಲಿ ಬಾಲ್ಕನಿ ಇರುವ ಕ್ಯಾಬಿನ್ ಬುಕ್ ಮಾಡೋಕೆ ಹೊರಟಿದ್ದೀರಾ? ದಯವಿಟ್ಟು ಒಂದು ನಿಮಿಷ ನಿಲ್ಲಿ. ನಮಗೆ ಬಾಲ್ಕನಿ ಅಂತ ಹೇಳಿ ಕೊಟ್ಟಿದ್ದು ಲೈಫ್‌ಬೋಟಿನ ಬೆನ್ನು. ಹೌದು, ಬೆನ್ನು. ಬಾಗಿಲು ತೆಗೆದರೆ ಕಿತ್ತಳೆ ಬಣ್ಣದ ಬೆನ್ನು, ಬೆಳಗ್ಗೆ ಎದ್ದರೂ ಅದೇ, ರಾತ್ರಿ ಮಲಗುವಾಗಲೂ ಅದೇ.

ಅಮ್ಮನಿಗೆ ಮಂಡಿ ನೋವು. ಮೇಲಿನ ಡೆಕ್‌ಗೆ ಹೋಗಿ, ಕುರ್ಚಿಗಾಗಿ ಕಾದು, ಜನಜಂಗುಳಿಯಲ್ಲಿ ಕೂರುವುದು ಅವರಿಂದ ಆಗದ ಮಾತು. ಕೋಣೆಯ ಬಾಗಿಲು ಸರಿಸಿದರೆ ಸಮುದ್ರ ಇರಬೇಕು, ನೈಟಿಯಲ್ಲೇ ಕೂತು ನೋಡುವಂತಿರಬೇಕು, ಯಾರ ಕಾಟವೂ ಇರಬಾರದು. ಬಾಲ್ಕನಿ ಬೇಕು ಅಂದಿದ್ದೇ ಇದಕ್ಕೆ. ಇಲ್ಲದಿದ್ದರೆ ಕಿಟಕಿಯೂ ಇಲ್ಲದ ಒಳಗಿನ ಕ್ಯಾಬಿನ್ ಸಾಕಿತ್ತು, ಅದಕ್ಕೆ ಹಣವೂ ಎಷ್ಟೋ ಕಡಿಮೆ. ಇದನ್ನೆಲ್ಲ ಏಜೆಂಟಿಗೆ ಬಿಡಿಸಿ ಹೇಳಿದ್ದೆ. ಒಂದು ಸಲ ಅಲ್ಲ, ಪ್ರತಿ ಸಲ ಫೋನ್ ಮಾಡಿದಾಗಲೂ ಹೇಳಿದ್ದೆ.

ಆತನ ಉತ್ತರ: "ಅಮ್ಮ ಬಾಗಿಲು ತೆಗೆದರೆ ಸಾಕು ಮೇಡಂ, ಕಣ್ಣು ಹಾಯಿಸಿದಷ್ಟು ದೂರ ನೀರೇ ನೀರು."

ಅಷ್ಟೇ ಅಲ್ಲ, ಬಾಲ್ಕನಿಯಲ್ಲಿ ಕ್ಯಾಂಡಲ್ ಹಚ್ಚಿ ಊಟ ಮಾಡಬಹುದು ಅಂತಲೂ ಹೇಳಿದ್ದ. ಹಡಗಿನ ಕ್ಯಾಬಿನ್‌ನಲ್ಲಿ ಕ್ಯಾಂಡಲ್ ಹಚ್ಚೋಕೆ ಯಾರೂ ಬಿಡುವುದಿಲ್ಲ. 2006ರಲ್ಲಿ ಸ್ಟಾರ್ ಪ್ರಿನ್ಸೆಸ್ ಅನ್ನೋ ಹಡಗಿನಲ್ಲಿ ಬೆಂಕಿ ಶುರುವಾಗಿದ್ದೇ ಒಂದು ಬಾಲ್ಕನಿಯಿಂದ. ಅದಾದ ಮೇಲೆ ಬಾಲ್ಕನಿಯಲ್ಲಿಡುವ ಮೇಜು ಕುರ್ಚಿಗೂ ಅಂತರರಾಷ್ಟ್ರೀಯ ನಿಯಮ ಬಂತು. ಕ್ರೂಸ್ ಮಾರುವವನಿಗೆ ಇಷ್ಟೂ ಗೊತ್ತಿಲ್ಲವೋ, ಗೊತ್ತಿದ್ದೂ ಬಾಯಿಗೆ ಬಂದದ್ದು ಹೇಳಿದನೋ!

ಕ್ಯಾಬಿನ್ ನಂಬರ್ ಕೇಳಿದೆ. "ಇನ್ನೂ ಅಲಾಟ್ ಆಗಿಲ್ಲ ಮೇಡಂ, ಕಂಪನಿಯವರು ಕೊನೇಲಿ ಕೊಡ್ತಾರೆ." ಈ ಮಾತು ನಂಬುವಂಥದ್ದೇ. ಗ್ಯಾರಂಟಿ ದರ ಅಂತ ಒಂದಿದೆ, ಅದರಲ್ಲಿ ಕ್ಯಾಬಿನ್ ಯಾವ ತರಹದ್ದು ಅನ್ನೋದು ಮಾತ್ರ ಖಚಿತ, ಯಾವ ಕೋಣೆ ಅನ್ನೋದನ್ನು ಕಂಪನಿಯೇ ಆಮೇಲೆ ಆರಿಸುತ್ತದೆ. ನಮ್ಮದೂ ಹಾಗೇ ಇರಬೇಕು ಅಂದುಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹಡಗು ಹತ್ತಿದೆವು. ಕೋಣೆ ಚೆನ್ನಾಗಿಯೇ ಇತ್ತು, ಹಾಸಿಗೆ ಮೆತ್ತಗಿತ್ತು. ಪರದೆ ಎಳೆದಿತ್ತು. ಅಮ್ಮನನ್ನು ಮುಂದೆ ನಿಲ್ಲಿಸಿ, ನಾನೇ ದೊಡ್ಡದಾಗಿ ಪರದೆ ಸರಿಸಿ, ಗಾಜಿನ ಬಾಗಿಲು ಎಳೆದೆ. ಎದುರಿಗೆ ಬೋಟು. ಎಷ್ಟು ಹತ್ತಿರ ಅಂದರೆ ಅದರ ಮೈಮೇಲೆ ಎಷ್ಟು ಜನ ಹಿಡಿಸುತ್ತಾರೆ ಅಂತ ಬರೆದಿದ್ದನ್ನು ಕನ್ನಡಕ ಇಲ್ಲದೆ ಓದಬಹುದು. ಪಕ್ಕದಲ್ಲಿ ಅದನ್ನು ಎತ್ತಿ ಇಳಿಸುವ ಕಬ್ಬಿಣದ ತೋಳು, ಗ್ರೀಸ್ ಮೆತ್ತಿದ ತಂತಿ ಹಗ್ಗ, ಅದರ ವಾಸನೆ. ಕಂಬಿ ಹಿಡಿದು ಪೂರ್ತಿ ಬಗ್ಗಿದರೆ ಬೋಟಿನ ಕೆಳಗೆ ಒಂದು ಗೇಣು ನೀರು ಕಾಣುತ್ತಿತ್ತು. ಮಂಡಿ ನೋವಿರುವವರು ಬಗ್ಗಿ ನೋಡಬೇಕು!

"ಏನೇ ಇದು, ಗೋಡೆ ಇದ್ದಂಗಿದೆ?" ಅಂದರು ಅಮ್ಮ.

ನನಗೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮನ ವಿಡಿಯೋ ಕಾಲ್. "ಸಮುದ್ರ ತೋರಿಸೇ, ಎಲ್ಲರೂ ಕಾಯ್ತಿದೀವಿ." ಬಾಲ್ಕನಿ ಬಾಲ್ಕನಿ ಅಂತ ತಿಂಗಳುಗಟ್ಟಲೆ ಎಲ್ಲರ ಹತ್ತಿರ ಹೇಳಿಕೊಂಡು ಬಂದವಳು ನಾನು. ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿದೆ.

ಸೀದಾ ಹಡಗಿನ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋದೆ. ಅಲ್ಲಿನ ಹುಡುಗಿ ತಣ್ಣಗೆ ಸ್ಕ್ರೀನ್ ನೋಡಿ, "ನೀವು ತಗೊಂಡಿರೋದೇ ಅಬ್‌ಸ್ಟ್ರಕ್ಟೆಡ್ ವ್ಯೂ ಬಾಲ್ಕನಿ ಮೇಡಂ. ನೋಟಕ್ಕೆ ಅಡ್ಡ ಇರುತ್ತೆ ಅಂತ ಹೇಳಿಯೇ ಕಡಿಮೆ ದರಕ್ಕೆ ಕೊಡೋದು" ಅಂದಳು. ಕಡಿಮೆ ದರ! ನಾವು ಕೊಟ್ಟಿದ್ದು ಪೂರ್ತಿ ಬಾಲ್ಕನಿ ದರ. ನನ್ನ ಕೈಲಿದ್ದ ಬಿಲ್ ತೋರಿಸಿದೆ. ಅದರಲ್ಲಿ ಬರೀ "ಬಾಲ್ಕನಿ" ಅಂತಿದೆ. ಆಕೆ ಕಂಪನಿಯ ದಾಖಲೆ ತೋರಿಸಿದಳು. ಅದರಲ್ಲಿ ಕ್ಯಾಬಿನ್ ಯಾವ ತರಹದ್ದು ಅನ್ನೋದನ್ನು ಹೇಳುವ ಕೆಟಗರಿ ಕೋಡ್ ಇದೆ, ನೋಟಕ್ಕೆ ಅಡ್ಡ ಅಂತ ಬರೆದಿದೆ, ಕ್ಯಾಬಿನ್ ನಂಬರೂ ಇದೆ. ಆ ನಂಬರ್ ಬುಕ್ ಮಾಡಿದ ದಿನದಿಂದಲೇ ಇತ್ತು!

ಅಲ್ಲಿ ನನಗೆ ಅರ್ಥವಾಯಿತು. ಅಲಾಟ್ ಆಗಿಲ್ಲ ಅಂದಿದ್ದೇ ಸುಳ್ಳು. ನಂಬರ್ ಕೊಟ್ಟಿದ್ದರೆ ನಾನು ಡೆಕ್ ಪ್ಲಾನ್, ಅಂದರೆ ಹಡಗಿನ ಒಂದೊಂದು ಅಂತಸ್ತಿನ ನಕ್ಷೆ, ತೆಗೆದು ನೋಡುತ್ತಿದ್ದೆ, ಕೋಣೆಯ ಮುಂದೆ ಬೋಟ್ ಇರುವುದು ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಕೊಡಲಿಲ್ಲ. ಅಗ್ಗದ್ದು ಕೊಂಡು, "ಅಬ್‌ಸ್ಟ್ರಕ್ಟೆಡ್ ವ್ಯೂ" ಅನ್ನೋ ಎರಡು ಪದ ತೆಗೆದುಹಾಕಿ ತನ್ನದೇ ಬಿಲ್ ಮಾಡಿ, ದುಬಾರಿ ದರಕ್ಕೆ ನಮಗೆ ಮಾರಿದ್ದಾನೆ. ಬೇರೆ ಕೋಣೆ ಕೊಡಿ ಅಂದರೆ ಹಡಗು ಭರ್ತಿ. ಪಕ್ಕದ ಕ್ಯಾಬಿನ್‌ನ ದಂಪತಿಗೂ ಅದೇ ಬೋಟಿನ ಬಾಲದ ತುದಿ ಕಾಣುತ್ತಿತ್ತು, ಆದರೆ ಅವರು ಗೊತ್ತಿದ್ದೇ ತಗೊಂಡವರು. "ಅಗ್ಗ ಅಲ್ವಾ, ಗಾಳಿ ಬಂದರೆ ಸಾಕು ನಮಗೆ" ಅಂತ ನಕ್ಕರು. ಅವರ ತಪ್ಪೇನೂ ಇಲ್ಲ, ಆದರೆ ಆ ನಗು ನೋಡಿ ಹೊಟ್ಟೆ ಉರಿದುಹೋಯಿತು.

ಏಜೆಂಟಿಗೆ ಬೋಟಿನ ಫೋಟೋ ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಬಾಲ್ಕನಿ ಅಂದಿದ್ವಿ, ಬಾಲ್ಕನಿ ಸಿಕ್ಕಿದೆ. ಸಿಕ್ಕಿದೆಯೋ ಇಲ್ವೋ ಹೇಳಿ ಮೇಡಂ."

"ಬೋಟ್ ಇರೋದು ನಿಮ್ಮ ಸೇಫ್ಟಿಗೇ ಅಲ್ವಾ?"

ಇದಕ್ಕಂತೂ ಮೈ ಉರಿಯಿತು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಎಲ್ಲರಿಗೂ ಸಾಕಾಗುವಷ್ಟು ಬೋಟ್ ಇರಲಿಲ್ಲ. ಆಮೇಲೆ 1914ರಲ್ಲಿ ಸೋಲಾಸ್ ಅನ್ನೋ, ಸಮುದ್ರದಲ್ಲಿ ಜನರ ಜೀವ ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಬೋಟ್ ಯಾಕೆ ಬೇಕು ಅಂತ ನನಗೂ ಗೊತ್ತು. ಬೋಟ್ ತೆಗೀರಿ ಅಂತ ಯಾರು ಹೇಳಿದರು? ಬೋಟ್ ಮುಂದಿನ ಕೋಣೆಯನ್ನು ಸಮುದ್ರದ ಕೋಣೆ ಅಂತ ಯಾಕೆ ಮಾರಿದಿರಿ, ಎರಡು ದರದ ನಡುವಿನ ಡಿಫರೆನ್ಸ್ ಹಣ ಎಲ್ಲಿ ಅಂತ ಕೇಳಿದೆ. ಅದಕ್ಕೆ ಉತ್ತರ: "ಡಿಫರೆನ್ಸ್ ಅಂತ ಏನೂ ಇಲ್ಲ ಮೇಡಂ, ಅದು ನಮ್ಮ ಸರ್ವಿಸ್ ಚಾರ್ಜ್." ಆಮೇಲೆ ನೀಲಿ ಟಿಕ್ ಮಾತ್ರ.

ಪ್ರೈವೇಟ್ ಬಾಲ್ಕನಿ ಅಂತಲೂ ಏಜೆಂಟ್ ಹೇಳಿದ್ದ, ಅದರ ಕಥೆಯೂ ಕೇಳಿ. ಬಂದರಿನಲ್ಲಿ ನಿಂತಿದ್ದಾಗ ಅಮ್ಮ ತಲೆಗೆ ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು ಹೊರಗೆ ಕೂತಿದ್ದರು. ಹೆಲ್ಮೆಟ್ ಹಾಕಿದ ಇಬ್ಬರು ಸಿಬ್ಬಂದಿ ಬೋಟಿನ ಮೇಲೆ ಹತ್ತಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ನಿಂತು ಏನೋ ಪರೀಕ್ಷೆ ಮಾಡೋಕೆ ಶುರು ಮಾಡಿದರು. ಪಾಪ, ಅವರ ಕೆಲಸ ಅದು. "ಗುಡ್ ಮಾರ್ನಿಂಗ್" ಅಂದರು. ಅಮ್ಮ ಟವೆಲ್ ಸುತ್ತಿಕೊಂಡು ಒಳಗೆ ಬಂದವರು ಮತ್ತೆ ಆ ಬಾಗಿಲು ತೆಗೆಯಲಿಲ್ಲ.

ಒಂದು ಬೆಳಗ್ಗೆ ಮಾತ್ರ ಕೋಣೆ ತುಂಬಾ ಬೆಳಕು. ಹಡಗು ದಡಕ್ಕೆ ಹೋಗಲಾಗದ ಜಾಗದಲ್ಲಿ ಲಂಗರು ಹಾಕಿತ್ತು. ಅಂಥ ಕಡೆ ಇದೇ ಬೋಟುಗಳಲ್ಲಿ ಕೆಲವನ್ನು ಇಳಿಸಿ ಜನರನ್ನು ದಡಕ್ಕೆ ಸಾಗಿಸುತ್ತಾರೆ. ನಮ್ಮ ಮುಂದಿನ ಬೋಟ್ ಹೋಗಿತ್ತು! ನೀರು, ಗುಡ್ಡ, ಹಕ್ಕಿ, ಎಲ್ಲ ಕಂಡಿತು. ಅಮ್ಮನನ್ನು ಕರೆದು ಕೂರಿಸಿದೆ. ಊರು ನೋಡೋಕೆ ಇಳಿಯಲೂ ಇಲ್ಲ ನಾವು. ಸಂಜೆ ಮೋಟಾರಿನ ಸದ್ದು, ತಂತಿ ಕಿರುಗುಟ್ಟುತ್ತಾ ಕೆಳಗಿನಿಂದ ಆ ಕಿತ್ತಳೆ ಬೆನ್ನು ಮೆಲ್ಲಗೆ ಮೇಲೆ ಬಂತು. ಅಮ್ಮ ಏನೂ ಹೇಳದೆ ಎದ್ದು ಒಳಗೆ ಹೋದರು. ಅದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಹೀಗಾಗಿ, ಬುಕ್ ಮಾಡುವವರು ಏಜೆಂಟ್ ಮಾಡಿಕೊಟ್ಟ ಬಿಲ್ ನಂಬಬೇಡಿ. ಹಡಗು ಕಂಪನಿಯದೇ ಕನ್ಫರ್ಮೇಶನ್ ಕೇಳಿ. ಕೆಟಗರಿ ಕೋಡ್, ಕ್ಯಾಬಿನ್ ನಂಬರ್ ಎರಡೂ ಅದರಲ್ಲಿ ಇರಬೇಕು. ಗ್ಯಾರಂಟಿ ದರ ಅಂದರೆ ಕೋಡ್ ಆದರೂ ಇರಲೇಬೇಕು. ಆ ನಂಬರನ್ನು ಡೆಕ್ ಪ್ಲಾನ್‌ನಲ್ಲಿ ಹುಡುಕಿ, ಹೊರಗೆ ಏನಿದೆ ಅಂತ ನೋಡಿ. ಹಡಗಿನ ಒಳಗಿನ ಅಂಗಳಕ್ಕೇ ಮುಖ ಮಾಡಿದ ಬಾಲ್ಕನಿಗಳೂ ಇವೆ. 2009ರಲ್ಲಿ ಬಂದ ಓಯಸಿಸ್ ಆಫ್ ದಿ ಸೀಸ್ ಹಡಗಿನಲ್ಲಿ ಪಾರ್ಕ್ ಕಾಣುವ ಬಾಲ್ಕನಿಗಳಿವೆ, ಅದನ್ನು ಮುಚ್ಚುಮರೆ ಇಲ್ಲದೆ ಹೇಳಿಯೇ ಮಾರುತ್ತಾರೆ. ಹಾಗೆ ಹೇಳಿದರೆ ತಕರಾರಿಲ್ಲ. ವಯಸ್ಸಾದವರಿದ್ದರೆ ಮುಂದಿನ ತಡೆ ಗಾಜಿನದ್ದೋ ಉಕ್ಕಿನದ್ದೋ ಅಂತಲೂ ಕೇಳಿ, ಉಕ್ಕಿನದ್ದಾದರೆ ಕೂತವರಿಗೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಷ್ಟೆಲ್ಲ ಕೇಳಿದಾಗ "ನಂಬಿಕೆ ಇಲ್ವಾ ಮೇಡಂ?" ಅಂತ ಮುಖ ಸಣ್ಣ ಮಾಡಿದರೆ ಎದ್ದು ಬನ್ನಿ. ನನಗೂ ಹಾಗೇ ಅಂದಿದ್ದ.

ದೂರು ಕೊಟ್ಟಿದ್ದೇನೆ, ಎರಡೂ ಕಾಗದ ಜೊತೆಗಿಟ್ಟು. ಏಜೆಂಟ್ ಈಗ ಫೋನ್ ಎತ್ತುತ್ತಿಲ್ಲ. ನಿನ್ನೆ ಆತನ ಸ್ಟೇಟಸ್ ನೋಡಿದೆ, ಅದೇ ಹಡಗು, ಅದೇ "ಪ್ರೈವೇಟ್ ಬಾಲ್ಕನಿ", "ಕೆಲವೇ ಕ್ಯಾಬಿನ್ ಉಳಿದಿವೆ" ಅಂತ ಹಾಕಿದ್ದಾನೆ.